ತೊಟ್ಟಿಲು ಲಾರಿಯ ಇಪ್ಪತ್ತೆರಡು ಸೆಕೆಂಡು

“ಇಳಿಸಿ ಅಕ್ಕಾ.”

ಲಾರಿಯ ಚಾಸಿಯ ಮೇಲೆ ಅಂಗಾತ ಮಲಗಿದ್ದ ಇನ್ಸ್‌ಪೆಕ್ಟರ್ ಕೂಗಿ ಹೇಳಿದಳು. ಎರಡು ಉಕ್ಕಿನ ತೊಲೆಗಳು ಅವಳ ಬೆನ್ನಿಗೆ ಒತ್ತುತ್ತಿದ್ದವು. ನೆತ್ತಿಯ ಮೇಲೆ ಇಳಿಜಾರಾಗಿ ಎದ್ದು ನಿಂತ, ಕಾರು ಹೊರುವ ಉಕ್ಕಿನ ಹಾಸು ಆಕಾಶವನ್ನು ಅರ್ಧ ಮುಚ್ಚಿತ್ತು. ಅದರ ತಳದಲ್ಲಿ ರಕ್ತ ಒಣಗಿ ಕಪ್ಪಾಗಿ ಅಂಟಿಕೊಂಡಿತ್ತು.

“ಬೇಡ ಮೇಡಂ. ನನ್ನ ಕೈ ನಡುಗ್ತಿದೆ.”

“ನಡುಗಲಿ. ನಿಲ್ಲಿಸಿ ಅಂದಾಗ ಬಿಟ್ಟರಾಯ್ತು.”

ತಮ್ಮ ಲಾರಿ ಶೆಡ್ಡಿನ ಅಂಗಳದಲ್ಲಿ ಲಿವರ್ ಹಿಡಿದು ನಿಂತವಳು ಸತ್ತವನ ಹೆಂಡತಿ. ಮೂರು ದಿನದ ಹಿಂದೆ, ಬೆಳಿಗ್ಗೆ ಏಳಕ್ಕೆ, ಊರ ಹೊರಗಿನ ರಸ್ತೆಯ ಬದಿಯಲ್ಲಿ, ಇದೇ ಲಾರಿಯ ಇದೇ ಹಾಸಿನಡಿಯಲ್ಲಿ ಅವಳ ಗಂಡ ಜಜ್ಜಿಹೋಗಿ ಸಿಕ್ಕಿದ್ದ. ಲಾರಿಯ ಮೇಲಿದ್ದ ಕಾರು ಮಾಯವಾಗಿತ್ತು.

ಹಳೇ ಕಾರಿನ ಹುಚ್ಚಿರುವವರೆಲ್ಲ ಅವನನ್ನು ತೊಟ್ಟಿಲಣ್ಣ ಎಂದೇ ಕರೆಯುತ್ತಿದ್ದರು. ಬೇರೆ ಲಾರಿಯವರು ಕೆಟ್ಟು ನಿಂತ ಕಾರಿನ ಮೂತಿಗೆ ಕೊಕ್ಕೆ ಸಿಕ್ಕಿಸಿ ದರದರನೆ ಎಳೆದೊಯ್ದರೆ, ಇವನು ತೊಟ್ಟಿಲಲ್ಲಿ ಮಗುವನ್ನು ಮಲಗಿಸಿದಂತೆ ನಾಲ್ಕೂ ಚಕ್ರವನ್ನು ಹಾಸಿನ ಮೇಲೇರಿಸಿ, ಪಟ್ಟಿ ಬಿಗಿದು, ಉಬ್ಬುತಗ್ಗು ಕಂಡಲ್ಲಿ ಉಸಿರು ಹಿಡಿದು ಓಡಿಸುತ್ತಿದ್ದ. ಹದಿನೆಂಟು ವರ್ಷದಲ್ಲಿ ಒಂದು ಗೀರೂ ಬಿದ್ದಿರಲಿಲ್ಲ. ಅಂಥವನು ತನ್ನದೇ ಲಾರಿಯ ಕೆಳಗೆ ಸತ್ತನೆಂದರೆ, ಈಜು ಕಲಿಸುವ ಗುರು ಬಕೆಟ್‌ನಲ್ಲಿ ಮುಳುಗಿದಂತೆ.

ಪಂಪು ಗುರುಗುಟ್ಟಿತು. ಹಾಸು ಇಳಿಯತೊಡಗಿತು.

ಮೊದಲು ಆಕಾಶ ಹೋಯಿತು. ಆಮೇಲೆ ಗಾಳಿ ಹೋಯಿತು. ಗ್ರೀಸು ಮತ್ತು ರಕ್ತದ ವಾಸನೆ ಒಟ್ಟಿಗೇ ಮುಖಕ್ಕೆ ಬಂತು. ಇನ್ಸ್‌ಪೆಕ್ಟರ್‌ಗೆ ಅರಿವಿಲ್ಲದೆಯೇ ಎರಡೂ ಕೈ ಮೇಲೆದ್ದವು, ತಡೆಯಲಿಕ್ಕೆ. ಸತ್ತವನೂ ಹೀಗೇ ಎತ್ತಿದ್ದ. ಅದಕ್ಕೇ ಮುಖದ ಜೊತೆ ಎರಡೂ ಅಂಗೈ ಪುಡಿಯಾಗಿದ್ದವು. ಹೆಣ ಕೊಯ್ದ ವೈದ್ಯರಿಗೆ ಬೆರಳಚ್ಚು ತೆಗೆಯಲಿಕ್ಕೆ ಬೆರಳೇ ಸಿಕ್ಕಿರಲಿಲ್ಲ. ಅಂಗಿ, ಬೆಲ್ಟು ನೋಡಿ ಗುರುತು ಹೇಳಿದವಳು ಹೆಂಡತಿ.

“ನಿಲ್ಲಿಸಿ!”

ಹಾಸು ಇನ್ನೂ ಇಳಿಯಿತು.

“ಅಕ್ಕಾ, ನಿಲ್ಲಿಸಿ ಅಂದೆ!”

ನಿಂತಿತು. ಮೂಗಿಗೂ ಉಕ್ಕಿಗೂ ನಾಲ್ಕು ಬೆರಳಿನ ಅಂತರ. ಇನ್ಸ್‌ಪೆಕ್ಟರ್ ತಲೆಯನ್ನು ಪಕ್ಕಕ್ಕೆ ಹೊರಳಿಸಿ, ಏಡಿಯ ಹಾಗೆ ತೆವಳುತ್ತ ಹೊರಬಂದಳು. ಹಣೆಯ ಬೆವರು ಒರೆಸುವ ನೆವದಲ್ಲಿ ಒಂದು ಕ್ಷಣ ಮುಖ ಮುಚ್ಚಿಕೊಂಡಳು.

“ಕ್ಷಮಿಸಿ ಮೇಡಂ, ಪಂಪಿನ ಸದ್ದಲ್ಲಿ ಕೇಳಿಸ್ಲಿಲ್ಲ.”

“ಕೈ ಬಿಟ್ಟ ಕೂಡಲೇ ನಿಂತುಬಿಡತ್ತಾ?”

“ಹೂಂ. ಒಳಗೆ ಸ್ಪ್ರಿಂಗ್ ಇದೆ. ಒತ್ತಿ ಹಿಡ್ಕೊಂಡಿದ್ರೆ ಮಾತ್ರ ಇಳಿಯತ್ತೆ.”

ಹಿರಿಯ ಪೇದೆ ಕೈಗಡಿಯಾರದಿಂದ ತಲೆ ಎತ್ತಿದ. ನಿವೃತ್ತಿಗೆ ಆರು ತಿಂಗಳಿದ್ದ ಅವನನ್ನು ಠಾಣೆಯಲ್ಲಿ ಎಲ್ಲರೂ ಮಾವ ಎನ್ನುತ್ತಿದ್ದರು. ಅವನು ನಗಿಸದೆ ಒಂದು ಮಾತೂ ಆಡುವವನಲ್ಲ. ಈಗ ಅವನ ತುಟಿ ಒಣಗಿತ್ತು.

“ಪೂರ್ತಿ ಇಳಿಯೋಕೆ ಇಪ್ಪತ್ತೆರಡು ಸೆಕೆಂಡು ಬೇಕು, ಮೇಡಂ.”

ಲೆಕ್ಕ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಸತ್ತವನ ಎರಡೂ ಕಾಲಿಗೆ ಕಾರು ಬಿಗಿಯುವ ಪಟ್ಟಿ ಸುತ್ತಿ ಚಾಸಿಗೆ ಕಟ್ಟಲಾಗಿತ್ತು. ಅವನು ಕಿರುಚಿದ್ದಾನೆ, ಬೇಡಿಕೊಂಡಿದ್ದಾನೆ. ಯಾವನೋ ಒಬ್ಬ ಇಪ್ಪತ್ತೆರಡು ಸೆಕೆಂಡು ಅದನ್ನೆಲ್ಲ ಕೇಳುತ್ತ ಲಿವರ್ ಒತ್ತಿಕೊಂಡೇ ನಿಂತಿದ್ದ. ಸಿಟ್ಟಿನಲ್ಲಿ ಒಂದೇಟು ಹಾಕಿ ಕೊಲ್ಲುವುದು ಬೇರೆ. ಇದು ಒಲೆಯ ಮೇಲೆ ಹಾಲಿಟ್ಟು ಕಾಯುವಂಥ ಕೆಲಸ.

“ಹಲಗೆ ತನ್ನಿ ಮಾವ,” ಎಂದಳು ಇನ್ಸ್‌ಪೆಕ್ಟರ್.

ಕೊಲೆಯಾದ ಜಾಗದಲ್ಲಿ ಲಾರಿಯ ಹಿಂದೆ ನೆಲದ ಮೇಲೆ ಜೋಡಿಸಿಟ್ಟಂತೆ ಸಿಕ್ಕ ಎರಡು ಮರದ ಹಲಗೆಗಳು. ಒಂದರ ಮೇಲೆ ರಕ್ತದಲ್ಲಿ ಮೂಡಿದ ಬೂಟಿನ ಹೆಜ್ಜೆ. ಆ ಹೆಜ್ಜೆಯನ್ನು ಅಡ್ಡಡ್ಡ ತುಳಿದುಕೊಂಡು ಹೋದ ಟೈರಿನ ಗುರುತು.

ಇನ್ಸ್‌ಪೆಕ್ಟರ್ ಮೊಣಕಾಲೂರಿ ಮತ್ತೊಮ್ಮೆ ನೋಡಿದಳು. ಹೆಜ್ಜೆ ಕೆಳಗೆ, ಟೈರು ಮೇಲೆ. ಅಂದರೆ ಮೊದಲು ಕೊಲೆ. ಆಮೇಲೆ ರಕ್ತದ ಕಾಲಲ್ಲೇ ಓಡಾಡಿ, ಹಾಸನ್ನು ಮತ್ತೆ ಎತ್ತಿ, ಹಲಗೆ ಕೊಟ್ಟು, ಕಾರಿನ ಹೊಟ್ಟೆ ನೆಲಕ್ಕೆ ತಾಗದ ಹಾಗೆ ಮೆಲ್ಲಗೆ ಉರುಳಿಸಿಕೊಂಡಿದ್ದಾನೆ. ಹೆಣ ಅಲ್ಲೇ ತೊಟ್ಟಿಕ್ಕುತ್ತಿದೆ, ಇವನು ಕಾರಿಗೆ ಗೀರು ಬೀಳಬಾರದೆಂದು ಹಲಗೆ ಸರಿಮಾಡುತ್ತಿದ್ದಾನೆ.

“ಇದು ನಿಮ್ಮ ಲಾರಿಯ ಹಲಗೇನಾ ಅಕ್ಕ?”

“ಹೂಂ, ನಮ್ದೇ,” ಎಂದಳು ಹೆಂಡತಿ, ಹಲಗೆಯ ಕಡೆ ನೋಡದೆ.

ಇನ್ಸ್‌ಪೆಕ್ಟರ್ ಲಾರಿಯ ಪಕ್ಕದ ಡಬ್ಬಿಯನ್ನು ತೆರೆದಳು. ಅದರಲ್ಲಿದ್ದ ಹಲಗೆಗಳಿಗೆಲ್ಲ ಹಳೇ ರಬ್ಬರು ಹೊಡೆದಿತ್ತು. ಹೆಣದ ಬಳಿ ಸಿಕ್ಕ ಇವಕ್ಕೆ ರಬ್ಬರಿಲ್ಲ, ಒಂದು ತುದಿ ಉಳಿಯಿಂದ ತೆಳ್ಳಗೆ ಇಳಿಜಾರು ಹೊಡೆದಿದೆ, ಅಂಚಿನಲ್ಲಿ ಪೆನ್ಸಿಲಿನ ಅಳತೆ ಇದೆ. ಮೂರು ದಿನದಿಂದ ನಿದ್ದೆಯಿಲ್ಲದ ಹೆಂಗಸು, ಕಣ್ಣಿಗೆ ಕಂಡದ್ದು ಮನಸ್ಸಿಗೆ ಹೋಗುತ್ತಿಲ್ಲ ಎಂದುಕೊಂಡು ಇನ್ಸ್‌ಪೆಕ್ಟರ್ ಕಾರಿನ ಒಡೆಯನಿಗೆ ಫೋನು ಮಾಡಿದಳು.

ಒಡೆಯ ಹಲ್ಲಿನ ಡಾಕ್ಟರು. ಮನುಷ್ಯನೊಬ್ಬ ಸತ್ತದ್ದಕ್ಕಿಂತ ಕಾರು ಕಳೆದದ್ದಕ್ಕೇ ಹೆಚ್ಚು ಅತ್ತವರು.

“ನನ್ನ ಕಾರು ಸಿಕ್ತಾ?”

“ಇಲ್ಲ ಡಾಕ್ಟ್ರೇ. ನಿಮ್ಮ ಕಾರು ಲಾರಿಗೆ ಏರಿಸೋವಾಗ ಯಾವ ಹಲಗೆ ಹಾಕ್ತಿದ್ರು?”

“ಅದಕ್ಕೆ ಅಂತಾನೇ ಮಾಡಿಸಿದ ಹಲಗೆ. ಅರವತ್ತು ವರ್ಷದ ಕಾರು ಮೇಡಂ ಅದು. ತಗ್ಗಿಸಿ ತಗ್ಗಿಸಿ ನೆಲದಿಂದ ನಾಲ್ಕೇ ಬೆರಳು ಬಿಟ್ಟಿದ್ದೀವಿ. ಹಿಂದೊಮ್ಮೆ ಬೇರೆ ಲಾರಿಯವನನ್ನ ಕರೆದು ಕೆಟ್ಟೆ. ಮುಂದಿನ ಬಂಪರಿಗೇ ಸರಪಳಿ ಹಾಕಿ ಎಳೆದ. ಬಂಪರು ಕಿತ್ಕೊಂಡು ಅವನ ಜೊತೆ ಹೋಯ್ತು, ಕಾರು ನನ್ನ ಹತ್ರ ಉಳೀತು! ಹಲ್ಲು ಕೀಳೋಕೂ ಒಂದು ಮರ್ಯಾದೆ ಇರತ್ತೆ. ಆವತ್ತಿಂದ ತೊಟ್ಟಿಲಣ್ಣ ಬಿಟ್ರೆ ಯಾರೂ ಮುಟ್ಟಿಲ್ಲ.”

“ಹಲಗೆ ಯಾರ ಹತ್ರ ಇರತ್ತೆ?”

“ಶಿಲ್ಪಿ ಹತ್ರ. ಕಾರು ಕತ್ತರಿಸಿ ಜೋಡಿಸಿದವನು ಅವನೇ ಅಲ್ವಾ? ಏರಿಸೋ ಇಳಿಸೋ ಹೊತ್ತಿಗೆ ತಾನೇ ತಗೊಂಡು ಬರ್ತಾನೆ. ಬೇರೆಯವರ ಕೈಗೆ ಕೊಡೋದೇ ಇಲ್ಲ.”

ಇನ್ಸ್‌ಪೆಕ್ಟರ್ ಫೋನು ಇಟ್ಟಳು. ಶಿಲ್ಪಿ ಎಂದೇ ಹೆಸರಾದ ಆ ವರ್ಕ್‌ಶಾಪಿನವನ ಹೇಳಿಕೆ ಅವಳಿಗೆ ಬಾಯಿಪಾಠವಾಗಿತ್ತು. ಕೊಲೆಯಾದ ಬೆಳಿಗ್ಗೆ ಜ್ವರ ಬಂದು ಮನೆಯಲ್ಲಿ ಮಲಗಿದ್ದೆ, ಹೊಸಿಲು ದಾಟಿಲ್ಲ ಎಂದಿದ್ದ.

“ಅಕ್ಕ, ನಿಮ್ಮ ಇನ್ನೊಂದು ಲಾರಿ ತಗೊಂಡು ನಮ್ಮ ಹಿಂದೆ ಬರ್ತೀರಾ? ಕಾರು ಸಿಕ್ಕಿದ್ರೆ ತರಬೇಕು. ನಮ್ಮ ಇಲಾಖೆ ಲಾರಿ ಎಳೆದ್ರೆ ಸಾಕ್ಷಿ ದಾರಿಯುದ್ದಕ್ಕೂ ಉದುರತ್ತೆ.”

“ಎಲ್ಲಿಗೆ?”

“ಶಿಲ್ಪಿ ವರ್ಕ್‌ಶಾಪಿಗೆ.”

ಹೆಂಡತಿ ಸೆರಗಿನಿಂದ ಕೈ ಒರೆಸಿಕೊಂಡಳು. “ಪಟ್ಟಿ, ಹಗ್ಗ ಎಲ್ಲ ಒಳಗಿದೆ. ಹತ್ತು ನಿಮಿಷ ಕೊಡಿ, ತರ್ತೀನಿ,” ಎಂದು ಶೆಡ್ಡಿನೊಳಗೆ ಹೋದಳು.

ಮಧ್ಯಾಹ್ನ ಮೂರಕ್ಕೆ ಜೀಪು ವರ್ಕ್‌ಶಾಪಿನ ಗೇಟು ದಾಟಿತು. ಲಾರಿ ಹಿಂದೆಯೇ ಬಂದು ಗೇಟಿನ ನಡುವೆ ಅಡ್ಡಲಾಗಿ ನಿಂತಿತು.

ಒಳಗೆ ತಗಡಿನ ದೊಡ್ಡ ಸೂರು. ಬಿಸಿ ಕಬ್ಬಿಣ ಮತ್ತು ಬಣ್ಣದ ವಾಸನೆ. ಚಾವಣಿ ಕತ್ತರಿಸಿದ ಕಾರುಗಳು ಮುಚ್ಚಳವಿಲ್ಲದ ಪಾತ್ರೆಗಳಂತೆ ಸಾಲಾಗಿ ಕೂತಿದ್ದವು. ನಡುವೆ ಸರಪಳಿಗೆ ತೂಗುಹಾಕಿದ ಒಂದು ಎಂಜಿನ್. ಅದರಾಚೆ ಗೋಡೆಗೆ ತಾಗಿದ ಕಬ್ಬಿಣದ ಮೇಜು. ಶಿಲ್ಪಿ ತಗಡನ್ನು ಉಜ್ಜುತ್ತಿದ್ದ ಗ್ರೈಂಡರನ್ನು ನೆಲಕ್ಕಿಟ್ಟು ಎದ್ದ. ಬಡಕಲು ಮೈ, ದಾರ ಕಟ್ಟಿದ ಕನ್ನಡಕ. ದೇಹ ಬಡಕಲಾದರೂ ಮುಂಗೈ ಮಾತ್ರ ಹಗ್ಗ ಹೊಸೆದಂತಿತ್ತು.

“ಬನ್ನಿ, ಕಾಯ್ತಾ ಇದ್ದೆ.”

“ಯಾರನ್ನ?”

“ಅಂದ್ರೆ... ಇವತ್ತಲ್ಲ ನಾಳೆ ಬರ್ತೀರಿ ಅಂತ.”

“ಜ್ವರ ಹೇಗಿದೆ?”

“ಯಾವ ಜ್ವರ? ಹಾಂ, ಅದಾ? ಬಿಟ್ಟೋಯ್ತು.”

“ನೆನಪೂ ಉಳಿಸದ ಹಾಗೆ ಬಿಟ್ಟಿದೆ,” ಎಂದ ಮಾವ. “ಯಾವ ಡಾಕ್ಟ್ರು ಹೇಳಪ್ಪ, ನನ್ನ ಹೆಂಡತಿಗೂ ತೋರಿಸ್ತೀನಿ.”

ಇನ್ಸ್‌ಪೆಕ್ಟರ್ ನಗಲಿಲ್ಲ. “ನಿನ್ನ ಹಲಗೆ ಹೆಣದ ಹತ್ರ ಹೇಗೆ ಬಂತು?”

“ಕಳ್ಳತನ ಆಗಿರಬೇಕು.”

“ಎರಡು ಹಲಗೆ ಕದಿಯೋಕೆ ಯಾವ ಕಳ್ಳ ಬರ್ತಾನೆ? ಪಕ್ಕದಲ್ಲೇ ಇಷ್ಟು ಸಾಮಾನಿದೆ.”

ಮಾತಾಡುತ್ತಲೇ ಅವಳು ಮೂಲೆಗೆ ನಡೆದಳು. ಅಲ್ಲಿ ಹಸಿರು ಟಾರ್ಪಾಲು ಹೊದ್ದ ಒಂದು ಕಾರು, ಮೂತಿ ಮೇಜಿನ ಕಡೆಗೆ. ಎಷ್ಟು ತಗ್ಗಾಗಿತ್ತೆಂದರೆ ಅವಳ ಸೊಂಟದ ಮಟ್ಟಕ್ಕೂ ಬರುತ್ತಿರಲಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು.

“ಇದು ಯಾರ ಕಾರು?”

“ಗಿರಾಕಿಯೊಬ್ಬರದು. ಎಂಜಿನ್ ಸತ್ತು ಆರು ತಿಂಗಳಾಯ್ತು.”

“ಸತ್ತ ಎಂಜಿನ್ ಇಷ್ಟು ಬಿಸಿ ಇರತ್ತಾ?”

ಉತ್ತರದ ಬದಲು ಎಲುಬು ಮುರಿದ ಸದ್ದು ಬಂತು.

ತಿರುಗಿ ನೋಡಿದರೆ ಮಾವ ನೆಲದಲ್ಲಿದ್ದ. ಅವನ ಬಲಗೈ ಮೊಣಕೈಯಿಂದ ಕೆಳಗೆ ಬೇರೆಯವರ ಕೈಯಂತೆ ಹಿಂದಕ್ಕೆ ಮಡಿಚಿಕೊಂಡಿತ್ತು. ಶಿಲ್ಪಿಯ ಕೈಯಲ್ಲಿ ಸುತ್ತಿಗೆ. ಅದು ಎರಡನೇ ಸಲ ಎದ್ದಿತು, ಈ ಸಲ ಮಾವನ ತಲೆಗೆ ಗುರಿಯಿಟ್ಟು.

“ಬಿಡೋ ಅದನ್ನ!” ಇನ್ಸ್‌ಪೆಕ್ಟರ್ ಪಿಸ್ತೂಲು ಎಳೆದಳು.

ಅವನು ಪಕ್ಕದ ಡಬ್ಬಿಯನ್ನು ಒದ್ದ. ಬಣ್ಣ ತೆಳು ಮಾಡುವ ಥಿನ್ನರು ಚಿಮ್ಮಿ ಅವಳ ಎಡಗಣ್ಣಿಗೆ ಬಿತ್ತು. ಕಣ್ಣಿಗೆ ಕಾದ ಮೊಳೆ ಚುಚ್ಚಿದಂತಾಯಿತು. ಗುಂಡು ತಗಡಿನ ಸೂರಿಗೆ ತೂತು ಮಾಡಿತು. ಸುತ್ತಿಗೆ ಅವಳ ಮಣಿಕಟ್ಟಿಗೆ ಬಿದ್ದು, ಪಿಸ್ತೂಲು ಕಾರುಗಳ ಅಡಿಗೆ ಜಾರಿ ಎಲ್ಲೋ ಕಣ್ಮರೆಯಾಯಿತು.

ಅವಳು ಹಿಂದೆ ಸರಿದಳು. ಶಿಲ್ಪಿ ಕೈ ಚಾಚಿ ಎಂಜಿನ್ನಿನ ಸರಪಳಿಯ ಕೊಂಡಿ ಕಿತ್ತ. ಇನ್ನೂರು ಕಿಲೋ ಕಬ್ಬಿಣ ಅವಳ ಪಾದಕ್ಕೆ ಗೇಣು ದೂರದಲ್ಲಿ ಬಿದ್ದು ನೆಲ ಬಿರಿಯಿತು. ಅವಳು ಎಡವಿ ಅದರಾಚೆ ಬಿದ್ದಳು. ಏಳುವಷ್ಟರಲ್ಲಿ ಅದೇ ಸರಪಳಿ ಕುತ್ತಿಗೆಗೆ ಸುತ್ತಿತ್ತು.

“ನಿಮಗೇನು ಗೊತ್ತು!” ಅವಳ ಬೆನ್ನ ಮೇಲೆ ಮಂಡಿಯೂರಿ ಅವನು ಎಳೆಯುತ್ತಿದ್ದ. ಅಳುತ್ತಿದ್ದನೋ ಬೈಯುತ್ತಿದ್ದನೋ ತಿಳಿಯುವಂತಿರಲಿಲ್ಲ. “ನಾನೇ ಕಟ್ಟಿದ ಕಾರು! ನಾಲ್ಕು ವರ್ಷ! ಆ ಹಲ್ಲು ಕೀಳೋನು ಬಟ್ಟೆ ಹೊದಿಸಿ ಇಡ್ತಾನೆ! ವರ್ಷಕ್ಕೊಂದ್ಸಲ ಲಾರಿ ಮೇಲೆ ಮೆರವಣಿಗೆ! ಅದು ರಸ್ತೆ ಕಂಡಿದ್ದೇ ಇಲ್ಲ!”

ಉಸಿರು ನಿಂತಿತು. ಬಲಗಣ್ಣಲ್ಲೂ ಕಪ್ಪು ಚುಕ್ಕೆಗಳು ಕುಣಿಯತೊಡಗಿದವು. ನೆಲ ತಡಕಿದ ಅವಳ ಕೈಗೆ ಒಂದು ವೈರು ಸಿಕ್ಕಿತು. ಎಳೆದಳು. ಗ್ರೈಂಡರು ಹತ್ತಿರ ಬಂತು. ಬೆರಳಿಗೆ ಗುಂಡಿ ಸಿಕ್ಕಿತು.

ಕರ್ರೆಂದು ಚಕ್ರ ತಿರುಗಿತು. ಎಲ್ಲಿ ತಾಗೀತೆಂದು ನೋಡದೆ ಅವಳು ಅದನ್ನು ಹೆಗಲ ಮೇಲಿಂದ ಹಿಂದಕ್ಕೆ ಒತ್ತಿದಳು.

ಅವನ ಮುಂಗೈ ಸಿಕ್ಕಿತು. ಚಕ್ರದ ಸದ್ದು ಒಂದು ಕ್ಷಣ ಮಂದವಾಗಿ ಮತ್ತೆ ಏರಿತು. ಬೆಚ್ಚಗಿನ ರಕ್ತ ಅವಳ ಕಿವಿ, ಕೆನ್ನೆ, ಬಾಯಿಗೆ ಎರಚಿತು. ಅವನ ಕೂಗಿಗೆ ಸೂರಿನ ಪಾರಿವಾಳಗಳೆಲ್ಲ ಎದ್ದು ಹಾರಿದವು. ಸರಪಳಿ ಸಡಿಲವಾಯಿತು.

ಇನ್ಸ್‌ಪೆಕ್ಟರ್ ಏಳಲಿಲ್ಲ, ಎದ್ದಂತೆ ಬಿದ್ದಳು, ಅವನ ಮೇಲೆಯೇ. ಮೊಣಕೈಯಿಂದ ಮೂಗಿಗೆ ಒಂದು ಗುದ್ದಿದಳು. ಕನ್ನಡಕ ಚೂರಾಯಿತು. ಇನ್ನೊಂದು ಗುದ್ದಿದಳು. ಅವನು ಸೋತು ಬಿದ್ದ ಮೇಲೂ ಮೂರನೆಯದು ಬಿತ್ತು. ಅದು ಮಾವನ ಮುರಿದ ಕೈಯ ಲೆಕ್ಕಕ್ಕೆ. ಆಮೇಲೆ ಬೇಡಿ ತೆಗೆದು, ಅವನ ಗಾಯವಾಗದ ಕೈಯನ್ನು ಕಬ್ಬಿಣದ ಮೇಜಿನ ಕಾಲಿಗೆ ಬಿಗಿದಳು.

“ಮಾವ, ಬದುಕಿದ್ದೀರಾ?”

“ಇದ್ದೀನಿ. ಕೈಯೊಂದೇ ಆರು ತಿಂಗಳು ಮುಂಚೆ ನಿವೃತ್ತಿ ಆಯ್ತು,” ಎಂದ ಮಾವ, ನೋವಿಗೆ ಹಲ್ಲು ಕಚ್ಚಿ.

ಅವಳು ಬಾಯೊಳಗಿನ ರಕ್ತ ಉಗಿದು, ಶಿಲ್ಪಿಯ ಮುಂದೆ ಕುಕ್ಕರಿಸಿದಳು. ತನ್ನ ಕರವಸ್ತ್ರವನ್ನೇ ಅವನ ಮುಂಗೈಗೆ ಬಿಗಿದು ಕಟ್ಟಿದಳು.

“ಇಪ್ಪತ್ತೆರಡು ಸೆಕೆಂಡು. ಅವನು ಕಿರುಚ್ತಿರೋವಾಗ ಹೇಗೋ ಒತ್ತಿ ಹಿಡ್ಕೊಂಡೆ? ಮನುಷ್ಯನೇನೋ ನೀನು?”

“ನಾನಲ್ಲ.” ಮುರಿದ ಮೂಗಿನಿಂದ ಮಾತು ಗೊರಗೊರ ಬಂತು. “ಹಲಗೆ ತಂದೆ, ಅಷ್ಟೇ. ಕಾರು ಇಳಿಸೋದು, ಬಚ್ಚಿಡೋದು, ಅಷ್ಟೇ ನಮ್ಮ ಮಾತಾಗಿತ್ತು. ನಾನು ಹೋಗೋ ಹೊತ್ತಿಗೆ ಅವನನ್ನ ಆಗಲೇ ಕಟ್ಟಿ ಮಲಗಿಸಿದ್ರು. ನಿಲ್ಲಿಸು ಅಂತ ಕಾಲು ಹಿಡಿದೆ. ನಿಲ್ಲಿಸ್ಲಿಲ್ಲ.”

“ಯಾರು? ಯಾರು ನಿಲ್ಲಿಸ್ಲಿಲ್ಲ?”

ಶಿಲ್ಪಿ ಅವಳ ಮುಖ ನೋಡಿದ. ಆಮೇಲೆ ವಿಚಿತ್ರವಾಗಿ, ಮಕ್ಕಳಿಗೆ ಒಗಟು ಹಾಕುವವನಂತೆ ಕೇಳಿದ.

“ಮೇಡಂ, ಆ ಹೆಣದ ಮುಖ ನೀವು ನೋಡಿದ್ದೀರಾ?”

“ಮುಖ ಎಲ್ಲಿತ್ತು ನೋಡೋಕೆ?”

“ಅದೇ ನಾನು ಹೇಳ್ತಿರೋದು. ಅದು ಅವನ...”

ಟಾರ್ಪಾಲಿನಡಿಯ ಕಾರು ಗರ್ಜಿಸಿತು.

ಇಷ್ಟು ಹೊತ್ತು, ಈ ಹೊಡೆದಾಟದ ಉದ್ದಕ್ಕೂ, ಒಬ್ಬ ಮನುಷ್ಯ ಅದರೊಳಗೆ ಸದ್ದಿಲ್ಲದೆ ಕೂತಿದ್ದ. ಇನ್ಸ್‌ಪೆಕ್ಟರ್‌ಗೆ ಅದು ಹೊಳೆಯುವಷ್ಟರಲ್ಲಿ ಹಸಿರು ಗುಡ್ಡದಂತಹ ಆಕಾರ ನೇರ ಮೇಜಿನ ಕಡೆ ಚಿಮ್ಮಿತ್ತು. ಅವಳು ಪಕ್ಕಕ್ಕೆ ಉರುಳಿದಳು. ಶಿಲ್ಪಿಯೂ ಉರುಳಲು ನೋಡಿದ. ಬೇಡಿ ಬಿಡಲಿಲ್ಲ.

“ಅಣ್ಣಾ, ನಾನು ಕಣೋ! ಅಣ್ಣಾ...”

ಕಾರು ಅವನನ್ನೂ ಮೇಜನ್ನೂ ಗೋಡೆಗೆ ಸೇರಿಸಿ ಅಪ್ಪಿತು. ಒಮ್ಮೆ ಹಿಂದೆ ಸರಿಯಿತು. ಮತ್ತೊಮ್ಮೆ ಗುದ್ದಿತು. ಅವನ ಬಾಯಿಂದ ಬಂದದ್ದು ಕೂಗಲ್ಲ, ಗಾಳಿ. ತಲೆ ಎದೆಯ ಮೇಲೆ ವಾಲಿತು. ಬೇಡಿಯ ಕೈ ಮಾತ್ರ ಮೇಜಿನ ಕಾಲಿಗೆ ಜೋತಾಡುತ್ತಿತ್ತು. ಅದನ್ನು ಅಲ್ಲಿಗೆ ಬಿಗಿದವಳು ಇನ್ಸ್‌ಪೆಕ್ಟರೇ.

ಟಾರ್ಪಾಲು ಮುರಿದ ಮೇಜಿಗೆ ಸಿಕ್ಕಿಕೊಂಡು, ಕಾರು ಹಿಂದೆ ಸರಿದಂತೆ ಚರ್ರನೆ ಕಳಚಿತು. ನವಿಲು ಬಣ್ಣದ ಉದ್ದ ಮೈ, ಬೆಳ್ಳಿಯಂಥ ಅಂಚುಗಳು. ಮೂತಿ ಜಜ್ಜಿ, ಅದರ ಮೇಲೆ ರಕ್ತ ಸೋರುತ್ತಿತ್ತು. ಕಾರು ಕೀರಲಿಡುತ್ತ ತಿರುಗಿ ಬಾಗಿಲಿನತ್ತ ನುಗ್ಗಿತು.

ಚಾಲಕನ ಕಿಟಕಿ ಅವಳಿಂದ ಮೂರು ಮಾರು ದೂರದಲ್ಲಿ ಹಾದುಹೋಯಿತು. ಅವಳ ಬಲಗಣ್ಣಿಗೆ ಅಷ್ಟು ಸಾಕಾಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಸ್ಟೀರಿಂಗಿನ ಮೇಲೆ ಎರಡೂ ಕೈ, ಪುಡಿಯಾಗದ ಹತ್ತೂ ಬೆರಳು. ಮೂರು ದಿನದಿಂದ ಕಡತದ ಮೊದಲ ಪುಟದಲ್ಲಿ ಅವಳು ನೋಡುತ್ತಲೇ ಇದ್ದ ಮುಖ.

ತೊಟ್ಟಿಲಣ್ಣ.

“ಅಕ್ಕಾ! ಬಿಡಬೇಡಿ! ಗೇಟು ಬಿಡಬೇಡಿ!” ಅವಳು ಕುಂಟುತ್ತ ಹೊರಗೆ ಓಡಿದಳು.

ಲಾರಿ ಗೇಟಿಗೆ ಅಡ್ಡವಾಗಿ, ಕೋಟೆಯ ಬಾಗಿಲಿನಂತೆ ನಿಂತಿತ್ತು. ಕಾರು ಅದರ ಮುಂದೆ ಧೂಳೆಬ್ಬಿಸಿ ನಿಂತಿತು. ಮೇಲೆ, ಸ್ಟೀರಿಂಗಿನ ಹಿಂದೆ, ಹೆಂಡತಿ. ಗಂಡ ಹೆಂಡತಿ ಗಾಜಿನಾಚೆಯಿಂದ ಒಬ್ಬರನ್ನೊಬ್ಬರು ನೋಡಿದರು. ಅವಳು ಚೀರಲಿಲ್ಲ. ಬೆಚ್ಚಲೂ ಇಲ್ಲ. ಮಾರುಕಟ್ಟೆಯಿಂದ ಬಂದವನಿಗೆ ಬಾಗಿಲು ತೆಗೆಯುವಂತೆ ಗೇರು ಹಾಕಿ, ಲಾರಿಯನ್ನು ಹಿಂದಕ್ಕೆ ತೆಗೆದಳು. ಒಂದು ಕಾರು ನುಸುಳುವಷ್ಟು ಜಾಗ.

ಕಾರು ನುಸುಳಿತು. ಲಾರಿ ಮತ್ತೆ ಮುಂದೆ ಬಂದು, ಜೀಪು ಹೊರಡದ ಹಾಗೆ ಗೇಟನ್ನು ತುಂಬಿ ನಿಂತಿತು. ಎಂಜಿನ್ ಆರಿತು.

ಇನ್ಸ್‌ಪೆಕ್ಟರ್ ಹೋಗಿ ಲಾರಿಯ ಬಾಗಿಲು ಗುದ್ದಿದಳು. ಹೆಂಡತಿ ಅವಸರವಿಲ್ಲದೆ ಇಳಿದಳು. ಲಾರಿಯ ಬೀಗದ ಕೈ ಅವಳ ಬಳಿ ಇರಲಿಲ್ಲ. ಗೇಟಿನಾಚೆಯ ಚರಂಡಿಗೆ ಅದು ಬಿದ್ದ ಸದ್ದು ಆಗಲೇ ಕೇಳಿತ್ತು.

“ಅವನು ಬದುಕಿದ್ದಾನೆ,” ಎಂದಳು ಇನ್ಸ್‌ಪೆಕ್ಟರ್. “ನಿನ್ನೆ ನಾವು ಮಣ್ಣು ಮಾಡಿದ್ದು ಯಾರನ್ನ? ಹೇಳು! ಯಾರನ್ನ?”

ಹೆಂಡತಿ ಅವಳ ಕೆನ್ನೆಯ ರಕ್ತವನ್ನು, ಊದಿಕೊಂಡ ಕಣ್ಣನ್ನು ಒಮ್ಮೆ ನೋಡಿದಳು. ಲಿವರ್ ಹಿಡಿದಾಗ ನಡುಗುತ್ತಿದ್ದ ಕೈಗಳು ಈಗ ಎದೆಯ ಮೇಲೆ ಕಟ್ಟಿಕೊಂಡು ನೆಟ್ಟಗಿದ್ದವು.

“ಯಾರ ಹಿಂದೆ ಓಡ್ತೀರಿ ಮೇಡಂ? ನನ್ನ ಗಂಡ ಸತ್ತು ಮೂರು ದಿನ ಆಯ್ತು. ನೀವೇ ಬರೆದು, ನೀವೇ ಸಹಿ ಹಾಕಿದ್ದೀರಲ್ಲ.”